ಬರೆಯುವ ಕೈ ನಿಂತರೂ ಓದುವ ಕಣ್ಣು ಉಳಿಯಬೇಕು

ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷೆಯಾಗಿದ್ದ ಇತಿಹಾಸಕಾರ್ತಿ ಡ್ರೂ ಗಿಲ್ಪಿನ್ ಫೌಸ್ಟ್ 2022ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಗೆ ಬರೆದ ಲೇಖನದಲ್ಲಿ ಒಂದು ಸಂಗತಿಯನ್ನು ದಾಖಲಿಸಿದರು. ಅಮೆರಿಕದ ಅಂತರ್ಯುದ್ಧದ ಇತಿಹಾಸ ಕಲಿಯಲು ಅವರ ಪದವಿ ತರಗತಿಗೆ ಬಂದಿದ್ದವರಲ್ಲಿ ಮೂರರಲ್ಲಿ ಎರಡು ಪಾಲು ವಿದ್ಯಾರ್ಥಿಗಳಿಗೆ ಕರ್ಸಿವ್ ಬರಹವನ್ನು ಓದಲು ಬರುತ್ತಿರಲಿಲ್ಲ. ಬರೆಯಲು ಬಾರದವರು ಇನ್ನೂ ಹೆಚ್ಚು. ದೇಶದ ಹೆಸರಾಂತ ವಿದ್ಯಾಸಂಸ್ಥೆಗೆ ಆಯ್ಕೆಯಾದ ಆ ತರುಣರು ತಮ್ಮದೇ ಭಾಷೆಯಲ್ಲಿ, ತಮ್ಮದೇ ನೆಲದ ಸೈನಿಕನೊಬ್ಬ ಮನೆಗೆ ಬರೆದ ಪತ್ರವನ್ನು ಕೈಯಲ್ಲಿ ಹಿಡಿದರೂ ಓದಲಾರರು. ಜನ ಈಗಲೂ ದಿನನಿತ್ಯ ಕರ್ಸಿವ್‌ನಲ್ಲಿ ಬರೆಯುತ್ತಾರೆಯೇ ಎಂಬ ಪ್ರಶ್ನೆ ಬಹಳ ಕಡೆ ಚರ್ಚೆಯಾಗುತ್ತಿದೆ. ಅದಕ್ಕೆ ಉತ್ತರ ಹೇಳುವುದು ಕಷ್ಟವಲ್ಲ: ಕೆಲವು ದೇಶಗಳನ್ನು ಬಿಟ್ಟರೆ, ಬರೆಯುವವರು ಕಡಿಮೆಯಾಗುತ್ತ ಬಂದಿದ್ದಾರೆ. ಆದರೆ ಫೌಸ್ಟ್ ಅವರ ತರಗತಿ ಅದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಒಂದು ಬರಹವನ್ನು ಬರೆಯುವುದು ನಿಂತ ಮೇಲೆ ಅದನ್ನು ಓದುವವರು ಎಷ್ಟು ಕಾಲ ಉಳಿಯುತ್ತಾರೆ? ಹಳೆಯ ದಾಖಲೆಗಳ ರಾಶಿಯ ಮೇಲೆ ಕುಳಿತಿರುವ ಕರ್ನಾಟಕಕ್ಕೂ ಈ ಪ್ರಶ್ನೆ ನೇರವಾಗಿ ತಾಗುತ್ತದೆ.

ಪೆನ್ನನ್ನು ಕಾಗದದಿಂದ ಎತ್ತದೆ, ಒಂದಕ್ಷರದ ಬಾಲವನ್ನು ಮುಂದಿನಕ್ಷರಕ್ಕೆ ಕೂಡಿಸುತ್ತ ಹೋಗುವ ಬರವಣಿಗೆಯೇ ಕರ್ಸಿವ್. ಅದು ಹುಟ್ಟಿದ್ದು ಅಂದಕ್ಕಾಗಿ ಅನ್ನುವುದಕ್ಕಿಂತ ಉಪಕರಣದ ಒತ್ತಾಯದಿಂದ ಅನ್ನುವುದು ಸರಿ. ಹಕ್ಕಿಯ ಗರಿಯನ್ನೋ ಉಕ್ಕಿನ ನಿಬ್ಬನ್ನೋ ಮಸಿಯಲ್ಲಿ ಅದ್ದಿ ಬರೆಯುವಾಗ ಪ್ರತಿ ಸಲ ಎತ್ತಿ ಇಟ್ಟರೆ ಮಸಿ ಚೆಲ್ಲುವ ಭಯ. ಎತ್ತದೆ ಎಳೆದರೆ ಗೆರೆ ಸಲೀಸಾಗಿ ಹರಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪ್ಲಾಟ್ ರೋಜರ್ಸ್ ಸ್ಪೆನ್ಸರ್ ಎಂಬ ಶಿಕ್ಷಕ ರೂಪಿಸಿದ ಬಳ್ಳಿಯಂಥ ಬರಹ ಅಮೆರಿಕದ ಅಂಗಡಿ, ಕಚೇರಿ, ಶಾಲೆಗಳನ್ನೆಲ್ಲ ಹಬ್ಬಿತು. 1894ರಲ್ಲಿ ಆಸ್ಟಿನ್ ನಾರ್ಮನ್ ಪಾಮರ್ ತಮ್ಮ ವ್ಯಾಪಾರ ಬರವಣಿಗೆಯ ಕೈಪಿಡಿಯನ್ನು ಪ್ರಕಟಿಸಿದರು. ಸ್ಪೆನ್ಸರ್ ಶೈಲಿಯ ಅಲಂಕಾರಗಳನ್ನು ಕಳಚಿಹಾಕಿ, ಬೆರಳಿನ ಬದಲು ಇಡೀ ತೋಳನ್ನು ಚಲಿಸಿ ಬೇಗ ಬರೆಯುವುದನ್ನು ಅವರು ಕಲಿಸಿದರು. ಆ ಅವಸರಕ್ಕೆ ಕಾರಣವೂ ಇತ್ತು. 1870ರ ದಶಕದಲ್ಲಿ ರೆಮಿಂಗ್ಟನ್ ಕಂಪನಿಯ ಬೆರಳಚ್ಚು ಯಂತ್ರ ಮಾರುಕಟ್ಟೆಗೆ ಬಂದಿತ್ತು. ಗುಮಾಸ್ತನ ಕೈ ಈಗ ಯಂತ್ರದೊಡನೆ ಓಡಬೇಕಿತ್ತು. ಮುಂದೆ 1938ರಲ್ಲಿ ಲಾಸ್ಲೊ ಬೀರೊ ಪೇಟೆಂಟ್ ಪಡೆದ ಬಗೆಯ ಬಾಲ್‌ಪಾಯಿಂಟ್ ಪೆನ್ನು 1945ರಲ್ಲಿ ನ್ಯೂಯಾರ್ಕಿನ ಅಂಗಡಿಗಳಿಗೆ ಬಂತು. ಅದರ ಶಾಯಿ ಗಟ್ಟಿ, ಚೆಲ್ಲುವುದಿಲ್ಲ. ಆದರೆ ಒತ್ತಿ ಬರೆಯಬೇಕು. ಎತ್ತಿದರೆ ನಷ್ಟವಿಲ್ಲ, ಎತ್ತದೆ ಎಳೆದರೆ ಲಾಭವೂ ಹೆಚ್ಚಿಲ್ಲ. ಕೂಡಿಸಿ ಬರೆಯಲು ಇದ್ದ ಮೊದಲ ಕಾರಣವೇ ಅಲ್ಲಿಗೆ ಸಡಿಲವಾಯಿತು. ಕಂಪ್ಯೂಟರ್ ಬರುವ ಹೊತ್ತಿಗೆ ಕರ್ಸಿವ್ ತನ್ನ ಹುಟ್ಟಿನ ಅಗತ್ಯವನ್ನು ಕಳೆದುಕೊಂಡು, ಶಾಲೆಯ ಶಿಸ್ತಿನ ಬಲದಿಂದ ಮಾತ್ರ ನಿಂತಿತ್ತು.

ಆ ಬಲವೂ 2010ರಲ್ಲಿ ಕುಸಿಯಿತು. ಅಮೆರಿಕದ 40ಕ್ಕೂ ಹೆಚ್ಚು ರಾಜ್ಯಗಳು ಒಪ್ಪಿಕೊಂಡ ‘ಕಾಮನ್ ಕೋರ್’ ಎಂಬ ಕಲಿಕಾ ಮಾನದಂಡಗಳಲ್ಲಿ ಕರ್ಸಿವ್‌ನ ಹೆಸರೇ ಇರಲಿಲ್ಲ. ಕೀಲಿಮಣೆಯಲ್ಲಿ ಬೆರಳಚ್ಚಿಸುವುದಕ್ಕೆ ಜಾಗ ಸಿಕ್ಕಿತ್ತು. ಕರ್ಸಿವ್ ಕಲಿಸಬಾರದೆಂದು ಯಾರೂ ಹೇಳಲಿಲ್ಲ. ಆದರೆ ಪರೀಕ್ಷೆಯಲ್ಲಿ ಕೇಳದ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಎಷ್ಟು ಹೊತ್ತು ಸಿಗುತ್ತದೆ ಎಂಬುದು ಯಾವ ದೇಶದ ಶಿಕ್ಷಕರಿಗೂ ಗೊತ್ತಿರುವ ಮಾತು. ಫಿನ್‌ಲೆಂಡ್ 2016ರ ಹೊಸ ಪಠ್ಯಕ್ರಮದಲ್ಲಿ ಕೂಡಿಸಿ ಬರೆಯುವ ಕಡ್ಡಾಯವನ್ನು ಕೈಬಿಟ್ಟಿತು. ಸ್ವಿಟ್ಜರ್ಲೆಂಡಿನ ಜರ್ಮನ್ ಭಾಷಿಕ ಪ್ರಾಂತಗಳು ಬಿಡಿ ಅಕ್ಷರಗಳನ್ನೇ ಬೇಕೆಂದಲ್ಲಿ ಮಾತ್ರ ಕೂಡಿಸುವ ‘ಬಾಸಿಸ್‌ಶ್ರಿಫ್ಟ್’ ಎಂಬ ಸರಳ ಬರಹದತ್ತ ಹೊರಳಿದವು. ಇದಕ್ಕೆ ಎದುರಾಗಿ ಫ್ರಾನ್ಸಿನ ಮಕ್ಕಳು ಒಂದನೆಯ ತರಗತಿಯಿಂದಲೇ ಕರ್ಸಿವ್‌ನಲ್ಲಿ ಬರೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೆಯೆಸ್ ಎಂಬ ಪುಸ್ತಕ ವ್ಯಾಪಾರಿ ರೂಪಿಸಿದ ಗೆರೆಗಳ ಹಾಳೆಯ ಮೇಲೆಯೇ ಈಗಲೂ ಅವರು ಕೈ ತಿದ್ದುತ್ತಾರೆ, ದೊಡ್ಡವರಾದ ಮೇಲೂ ಚೀಟಿ, ಪತ್ರಗಳಲ್ಲಿ ಆ ರೂಢಿಯನ್ನು ಉಳಿಸಿಕೊಳ್ಳುತ್ತಾರೆ. ಇವೆಲ್ಲ ಕಂಪ್ಯೂಟರು, ಮೊಬೈಲುಗಳು ಸಮನಾಗಿ ಹರಡಿರುವ ದೇಶಗಳೇ. ಆದ್ದರಿಂದ ತಂತ್ರಜ್ಞಾನ ಬಂದಾಕ್ಷಣ ಕೂಡುಬರಹ ತಾನಾಗಿ ಸಾಯುತ್ತದೆ ಎನ್ನುವಂತಿಲ್ಲ. ಅದರ ಅಳಿವು ಉಳಿವು ತೀರ್ಮಾನವಾಗುವುದು ಶಾಲೆಯಲ್ಲಿ.

ಹಾಗಾದರೆ ಶಾಲೆಗಳು ಕರ್ಸಿವ್ ಬರವಣಿಗೆಯನ್ನು ಮತ್ತೆ ಕಡ್ಡಾಯ ಮಾಡಬೇಕೇ? ಅಮೆರಿಕದ ಹಲವು ರಾಜ್ಯಗಳು ಹೌದೆನ್ನುತ್ತಿವೆ. ಲೂಸಿಯಾನ ಮತ್ತು ಅಲಬಾಮ 2016ರಲ್ಲಿ ಕಾನೂನು ಮಾಡಿದವು. ಕ್ಯಾಲಿಫೋರ್ನಿಯಾದಲ್ಲಿ 2023ರಲ್ಲಿ ಸಹಿಯಾದ ಕಾನೂನು ಒಂದರಿಂದ ಆರನೆಯ ತರಗತಿವರೆಗಿನ ಮಕ್ಕಳಿಗೆ ಕರ್ಸಿವ್ ಕಲಿಸಬೇಕೆಂದು ಹೇಳಿತು. ಈ ಪಕ್ಷದವರು ಮುಂದಿಡುವ ಮೊದಲ ಆಧಾರ ಮಿದುಳಿನ ಅಧ್ಯಯನಗಳು. ಆ ಅಧ್ಯಯನಗಳನ್ನು ಗೌರವದಿಂದ, ಆದರೆ ಎಚ್ಚರದಿಂದ ಓದಬೇಕು. ಇಂಡಿಯಾನ ವಿಶ್ವವಿದ್ಯಾಲಯದ ಕರಿನ್ ಜೇಮ್ಸ್ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳು ತಾವು ಕೈಯಾರೆ ಬರೆದ ಅಕ್ಷರಗಳನ್ನು ಆಮೇಲೆ ನೋಡಿದಾಗ, ಮುಂದೆ ಓದಿಗೆ ಬಳಕೆಯಾಗುವ ಮಿದುಳಿನ ಭಾಗಗಳು ಚುರುಕಾದವು; ಕೀಲಿಮಣೆಯಲ್ಲಿ ಒತ್ತಿದ ಅಕ್ಷರಗಳನ್ನು ನೋಡಿದಾಗ ಹಾಗಾಗಲಿಲ್ಲ. ಆದರೆ ಆ ಮಕ್ಕಳು ಬರೆದದ್ದು ಕರ್ಸಿವ್ ಅಲ್ಲ, ಬಿಡಿ ಅಕ್ಷರ. ನಾರ್ವೆಯ ಆಡ್ರಿ ಫಾನ್ ಡೆರ್ ಮೇರ್ ಅವರ ಪ್ರಯೋಗಗಳಲ್ಲಿ ಭಾಗಿಗಳು ಡಿಜಿಟಲ್ ಪೆನ್ನಿನಿಂದ ಕೂಡಿಸಿ ಬರೆದದ್ದು ನಿಜ, ಆದರೆ ಅಲ್ಲಿಯೂ ಹೋಲಿಕೆ ನಡೆದದ್ದು ಕೀಲಿಮಣೆಯೊಡನೆ. ಈ ಸಾಕ್ಷ್ಯಗಳು ಗಟ್ಟಿಯಾಗಿ ಹೇಳುವುದು ಕೈಬರಹ ಬೇಕು ಎಂಬುದನ್ನು. ಅಕ್ಷರಗಳು ಒಂದಕ್ಕೊಂದು ಕೂಡಿರಲೇಬೇಕು ಎಂಬುದನ್ನು ಅವು ಸಾಧಿಸುವುದಿಲ್ಲ. ಬರೆಯುವುದರಿಂದ ಮಗುವಿಗೆ ಸಿಗುವ ಲಾಭವನ್ನೆಲ್ಲ ಒಂದು ಶೈಲಿಯ ಖಾತೆಗೆ ಜಮಾ ಮಾಡಿದರೆ, ಆ ಶೈಲಿ ಹೋದ ದಿನ ಕೈಬರಹವನ್ನೇ ಕೈಬಿಡುವ ಅಪಾಯವಿದೆ.

ವೇಗದ ವಾದವೂ ಇದೇ ಪರೀಕ್ಷೆಗೆ ಒಳಗಾಗಬೇಕು. ಕೂಡಿಸಿ ಬರೆದರೆ ಬೇಗ ಬರೆಯಬಹುದು ಎಂಬುದು ಹಳೆಯ ನಂಬಿಕೆ. ಸ್ಟೀವ್ ಗ್ರಹಾಂ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ, ನಾಲ್ಕರಿಂದ ಒಂಬತ್ತನೆಯ ತರಗತಿಯ ಮಕ್ಕಳ ಬರಹವನ್ನು ಅಳೆದ ಅಧ್ಯಯನದಲ್ಲಿ, ಬರೀ ಕರ್ಸಿವ್ ಬರೆಯುವವರೂ ಬರೀ ಬಿಡಿ ಅಕ್ಷರ ಬರೆಯುವವರೂ ವೇಗದಲ್ಲಿ ಹೆಚ್ಚುಕಡಿಮೆ ಸರಿಸಮ ಇದ್ದರು. ಎರಡನ್ನೂ ಬೆರೆಸಿಕೊಂಡು ತಮ್ಮದೇ ಕೈ ರೂಢಿಸಿಕೊಂಡ ಮಕ್ಕಳು ಇಬ್ಬರನ್ನೂ ಮೀರಿಸಿದರು. ದಿನಬಳಕೆಯಲ್ಲಿ ದೊಡ್ಡವರು ಮಾಡುವುದೂ ಇದನ್ನೇ: ಪೂರ್ತಿ ಕರ್ಸಿವ್ ಬಿಟ್ಟಿರುತ್ತಾರೆ, ಪೂರ್ತಿ ಬಿಡಿಸಿಯೂ ಬರೆಯುವುದಿಲ್ಲ; ಕೈಗೆ ಒಗ್ಗಿದ ಎರಡು ಮೂರು ಕೂಡಿಕೆಗಳನ್ನು ಉಳಿಸಿಕೊಂಡಿರುತ್ತಾರೆ. ಇನ್ನು ಸ್ಪಷ್ಟತೆಯೇ ಮುಖ್ಯವಾದ ಕಡೆ ಸಮಾಜ ತಾನಾಗಿಯೇ ಬಿಡಿ ಅಕ್ಷರವನ್ನು ಆರಿಸಿಕೊಂಡಿದೆ. ನಮ್ಮ ಬ್ಯಾಂಕಿನ, ಸರ್ಕಾರದ ಇಂಗ್ಲಿಷ್ ಅರ್ಜಿಗಳು ಬಿಡಿಬಿಡಿಯಾದ ದೊಡ್ಡಕ್ಷರಗಳನ್ನೇ ಕೇಳುತ್ತವೆ. ವೈದ್ಯರು ಔಷಧದ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ನಿಯಮವನ್ನೇ ಮಾಡಿತು. ಒಬ್ಬರ ಅವಸರದ ಬರಹ ಇನ್ನೊಬ್ಬರ ಜೀವಕ್ಕೆ ಸಂಚಕಾರ ತರಬಹುದಾದ ಕಡೆ ಈ ಆಯ್ಕೆ ಸರಿಯಾದದ್ದೇ.

ಸಹಿಯ ಮಾತನ್ನೂ ಹಲವರು ಎತ್ತುತ್ತಾರೆ: ಕರ್ಸಿವ್ ಬಾರದವರು ಸಹಿ ಹಾಕುವುದು ಹೇಗೆ? ಕಾನೂನಿಗೆ ಬೇಕಾದದ್ದು ವ್ಯಕ್ತಿಯ ಒಪ್ಪಿಗೆಯ ಗುರುತು, ಅಕ್ಷರಗಳ ಕೂಡಿಕೆಯಲ್ಲ. ಭಾರತದ 1897ರ ಸಾಮಾನ್ಯ ಖಂಡಗಳ ಅಧಿನಿಯಮ ಹೆಸರು ಬರೆಯಲು ಬಾರದವರ ಗುರುತನ್ನೂ ಸಹಿಯೆಂದೇ ಎಣಿಸುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೂ ಮಾನ್ಯತೆ ಕೊಟ್ಟಿತು. ಕನ್ನಡದಲ್ಲಿ ಬಿಡಿ ಅಕ್ಷರಗಳಲ್ಲೇ ಸಹಿ ಹಾಕುವ ಲಕ್ಷಾಂತರ ಜನರ ಪತ್ರಗಳು ಯಾವ ಅಡ್ಡಿಯೂ ಇಲ್ಲದೆ ನೋಂದಣಿಯಾಗುತ್ತಿವೆ. ಹೀಗೆ ಮಿದುಳು, ವೇಗ, ಸಹಿ ಎಂಬ ಮೂರು ವಾದಗಳನ್ನೂ ಪರಿಶೀಲಿಸಿದ ಮೇಲೆ, ಕರ್ಸಿವ್ ಬರವಣಿಗೆಯನ್ನು ಎಲ್ಲ ಮಕ್ಕಳ ಮೇಲೂ ಹೇರಲು ಬಲವಾದ ಕಾರಣ ಉಳಿಯುವುದಿಲ್ಲ. ಅದರ ಸೊಬಗನ್ನು ಮೆಚ್ಚುವವರು ಕಲಿಯಲಿ, ಕಲಿಸಲಿ. ಚೆಂದದ ಕೈಬರಹ ಒಂದು ಸಂಸ್ಕಾರ, ಅದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ. ಆದರೆ ಸೊಬಗು ಕಡ್ಡಾಯದ ಕಾನೂನಿಗೆ ಆಧಾರವಾಗಲಾರದು.

ಓದುವ ಮಾತು ಬಂದಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಬರೆಯುವ ರೂಢಿ ಒಂದು ಪೀಳಿಗೆಯಲ್ಲಿ ನಿಂತುಹೋಗಬಹುದು, ಅದರಿಂದ ಯಾರ ಆಸ್ತಿಯೂ ಹೋಗುವುದಿಲ್ಲ. ಆದರೆ ಈಗಾಗಲೇ ಬರೆದಿಟ್ಟ ಕಾಗದಗಳು ನೂರಾರು ವರ್ಷ ಜೀವಂತವಾಗಿರುತ್ತವೆ. 2013ರಲ್ಲಿ ಫ್ಲಾರಿಡಾದ ಒಂದು ಕೊಲೆ ಮೊಕದ್ದಮೆಯಲ್ಲಿ 19 ವರ್ಷದ ಸಾಕ್ಷಿಗೆ ಆಕೆಯ ಹೆಸರಿನಲ್ಲಿದ್ದ ಪತ್ರವನ್ನು ಕೊಟ್ಟು ಓದಲು ಹೇಳಿದಾಗ, ತನಗೆ ಕರ್ಸಿವ್ ಓದಲು ಬಾರದೆಂದು ಆಕೆ ನ್ಯಾಯಾಲಯದಲ್ಲೇ ಹೇಳಬೇಕಾಯಿತು. ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹಾಲಯ ತನ್ನ ಹಸ್ತಪ್ರತಿಗಳನ್ನು ಅಕ್ಷರಕ್ಕಿಳಿಸಲು ಸ್ವಯಂಸೇವಕರನ್ನು ಕರೆಯುತ್ತಿದೆ; ಕರ್ಸಿವ್ ಓದಬಲ್ಲವರು ಬೇಕೆಂದು ಅದು ಮಾಡಿದ ಮನವಿ 2025ರ ಆರಂಭದಲ್ಲಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಅಲ್ಲಿ ಓದುಗರಿಗಾಗಿ ಕಾದಿರುವ ಕಡತಗಳಲ್ಲಿ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಹೋರಾಡಿದ ಸೈನಿಕರ, ಅವರ ವಿಧವೆಯರ ಪಿಂಚಣಿ ಅರ್ಜಿಗಳೂ ಇವೆ. ಜರ್ಮನಿಯಲ್ಲಿ ಈ ನಷ್ಟ ಇನ್ನೂ ಮೊದಲೇ ಸಂಭವಿಸಿತು. ಅಲ್ಲಿನ ಶಾಲೆಗಳಲ್ಲಿ ಕಲಿಸುತ್ತಿದ್ದ ‘ಕುರೆಂಟ್’ ಎಂಬ ಹಳೆಯ ಕೂಡುಬರಹವನ್ನೂ, ಅದರಿಂದ ಲುಡ್ವಿಗ್ ಸ್ಯುಟರ್ಲಿನ್ ರೂಪಿಸಿದ ಸರಳ ರೂಪವನ್ನೂ ನಾಜಿ ಸರ್ಕಾರ 1941ರಲ್ಲಿ ಒಂದು ಆದೇಶದಿಂದ ಶಾಲೆಗಳಿಂದ ಹೊರಹಾಕಿತು. ಭಾಷೆ ಬದಲಾಗಲಿಲ್ಲ, ಬದಲಾದದ್ದು ಅಕ್ಷರದ ಆಕಾರ ಮಾತ್ರ. ಅಷ್ಟಕ್ಕೇ ಮೊಮ್ಮಕ್ಕಳು ಅಜ್ಜಿಯ ಪತ್ರ, ಅಡುಗೆ ಪುಸ್ತಕ, ದಿನಚರಿಗಳನ್ನು ಓದಲಾರದವರಾದರು. ಹ್ಯಾಂಬರ್ಗ್ ನಗರದಲ್ಲಿ ಹಳೆಯ ಬರಹ ಬಲ್ಲ ಹಿರಿಯರ ಒಂದು ಸ್ವಯಂಸೇವಕ ಬಳಗವೇ ಇಂಥ ಕಾಗದಗಳನ್ನು ಈಗಿನ ಅಕ್ಷರಕ್ಕೆ ಇಳಿಸಿಕೊಡುತ್ತ ಬಂದಿದೆ.

ಕನ್ನಡಿಗರಿಗೆ ಇದು ಪರದೇಶದ ಸಮಸ್ಯೆ ಎನಿಸಬಹುದು. ನಮ್ಮ ಅಕ್ಷರಗಳು ತಲೆಕಟ್ಟು ಹೊತ್ತು ಬಿಡಿಬಿಡಿಯಾಗಿ ನಿಲ್ಲುತ್ತವೆ. ಕರ್ಸಿವ್ ಎಂದರೆ ನಾಲ್ಕು ಗೆರೆಯ ಇಂಗ್ಲಿಷ್ ಕಾಪಿ ಪುಸ್ತಕ ಎಂದೇ ನಮ್ಮ ಮಕ್ಕಳು ತಿಳಿದಿದ್ದಾರೆ. ಆದರೆ ಕನ್ನಡ ನಾಡಿಗೂ ತನ್ನದೇ ಕೂಡುಬರಹದ ಚರಿತ್ರೆ ಇದೆ. ಊರಿನ ಲೆಕ್ಕ ಬರೆಯುತ್ತಿದ್ದ ಶಾನುಭೋಗರು ಅಕ್ಷರಗಳನ್ನು ಬಳಸಿ ಬಳಸಿ ಬೀಸಿ ಬರೆಯುವ ಒಂದು ಕೈಯನ್ನು ರೂಢಿಸಿಕೊಂಡಿದ್ದರು. ಅದಕ್ಕೆ ಮೋಡಿ ಅಕ್ಷರ ಎಂದೇ ಹೆಸರು. ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಕಡತಗಳಲ್ಲಿ ಭೂಮಿ, ಕಂದಾಯ, ದಾನ, ವ್ಯಾಜ್ಯಗಳ ವಿವರಗಳು ಉಳಿದುಬಂದಿವೆ. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರ ಎ. ಕೆ. ಶಾಸ್ತ್ರಿ ಓದಿ ಸಂಪಾದಿಸಿದ್ದರಿಂದಲೇ ಮಠದ ಆಡಳಿತದ, ಸುತ್ತಲಿನ ಜನಜೀವನದ ಎಷ್ಟೋ ಸಂಗತಿಗಳು ನಮಗೆ ತಿಳಿದವು. ಇತ್ತ ಮರಾಠಾ ಆಳ್ವಿಕೆಗೆ, ಆಮೇಲೆ ಮರಾಠಿ ಸಂಸ್ಥಾನಗಳಿಗೆ ಒಳಪಟ್ಟಿದ್ದ ಉತ್ತರ ಕರ್ನಾಟಕದ ಊರುಗಳ ಹಳೆಯ ಕಾಗದಗಳಲ್ಲಿ ಮರಾಠಿಯ ಮೋಡಿ ಲಿಪಿ ಇದೆ. ಮೊದಲು ಪುಟದ ಉದ್ದಕ್ಕೂ ಗೆರೆ ಎಳೆದು, ಅದಕ್ಕೆ ಅಕ್ಷರಗಳನ್ನು ಜೋತುಬಿಡುತ್ತ, ಲೇಖನಿ ಎತ್ತದೆ ಬರೆಯುವ ಬರಹ ಅದು. ಇಕಾರದ ಹ್ರಸ್ವ ದೀರ್ಘಕ್ಕೆ ಭೇದವಿಲ್ಲ, ಪದಗಳ ನಡುವೆ ತೆರಪಿಲ್ಲ. ನೋಡಿ ನೋಡಿ ಕಣ್ಣು ಪಳಗದಿದ್ದರೆ ಮರಾಠಿ ಬಲ್ಲವರಿಗೂ ಅದು ಬಿಡಿಸಲಾಗದ ಒಗಟು.

ಆ ಓದು ತಪ್ಪಿಹೋದದ್ದಕ್ಕೆ ಕಾರಣಗಳೂ ಸ್ಪಷ್ಟವಾಗಿವೆ. ಮುಂಬಯಿ ಸರ್ಕಾರ 1917ರಲ್ಲಿ ಆಡಳಿತಕ್ಕೆ ಮೋಡಿಯ ಬದಲು ದೇವನಾಗರಿಯನ್ನು ಆರಿಸಿಕೊಂಡಿತು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಶಾಲೆಗಳಿಂದಲೂ ಮೋಡಿ ಮರೆಯಾಯಿತು. ಇತ್ತ ಕರ್ನಾಟಕದಲ್ಲಿ 1961ರ ಕಾಯ್ದೆಯಿಂದ ಶಾನುಭೋಗಿಕೆಯಂಥ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ಹುಟ್ಟಿನ ಆಧಾರದ ಹುದ್ದೆ ಹೋದದ್ದು ನ್ಯಾಯವೇ, ಅದಕ್ಕೆ ಮರುಗಬೇಕಿಲ್ಲ. ಆದರೆ ಆ ಮನೆಗಳಲ್ಲಿ ತಂದೆಯಿಂದ ಮಗನಿಗೆ ದಾಟುತ್ತಿದ್ದ ಓದನ್ನು ಸಾರ್ವಜನಿಕ ಶಿಕ್ಷಣ ತನ್ನ ಕೈಗೆ ತೆಗೆದುಕೊಳ್ಳಬೇಕಿತ್ತು, ಅದು ಆಗಲಿಲ್ಲ. ಮೋಡಿಯನ್ನೂ ತಿಗಳಾರಿ ಎಂಬ ಇನ್ನೊಂದು ಹಳೆಯ ಲಿಪಿಯನ್ನೂ ಓದಬಲ್ಲವರಾಗಿದ್ದ ಕೆಳದಿ ಗುಂಡಾ ಜೋಯಿಸರಂಥ ವಿದ್ವಾಂಸರು ತಮ್ಮ ಶ್ರಮದಿಂದ ಆ ಕೊಂಡಿಯನ್ನು ಹಿಡಿದಿಟ್ಟರು. ವ್ಯಕ್ತಿಗಳ ಶ್ರದ್ಧೆಯ ಮೇಲೆ ನಿಂತ ವಿದ್ಯೆ ಆ ವ್ಯಕ್ತಿಗಳ ಆಯುಷ್ಯದಷ್ಟೇ ಬಾಳುತ್ತದೆ. ಹಳೆಯ ಬರಹದ ಅಗತ್ಯ ಯಾವಾಗ ತಲೆಯೆತ್ತುತ್ತದೆ ಎಂದು ಮುಂಚಿತವಾಗಿ ಹೇಳಲಾಗದು ಎಂಬುದಕ್ಕೆ ನೆರೆಯ ಮಹಾರಾಷ್ಟ್ರವೇ ಸಾಕ್ಷಿ. ಮರಾಠಾ ಮೀಸಲಾತಿಯ ಸಂಬಂಧ ಕುಣಬಿ ಜಾತಿಯ ಹಳೆಯ ನಮೂದುಗಳನ್ನು ಹುಡುಕಲು 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಸಂದೀಪ್ ಶಿಂದೆ ಸಮಿತಿ ನೇಮಕವಾದಾಗ, ಮೋಡಿ ಓದಬಲ್ಲವರಿಗಾಗಿ ಜಿಲ್ಲೆ ಜಿಲ್ಲೆಗಳಲ್ಲಿ ಹುಡುಕಾಟ ನಡೆಯಿತು. ನೂರು ವರ್ಷ ಹಿಂದೆ ಆಡಳಿತ ಕೈಬಿಟ್ಟ ಬರಹವೊಂದು ಇಂದಿನ ಕುಟುಂಬಗಳ ಮೀಸಲಾತಿಯ ಹಕ್ಕನ್ನು ತೀರ್ಮಾನಿಸುವ ಸ್ಥಾನಕ್ಕೆ ಬಂದು ಕುಳಿತಿತು.

ಇಲ್ಲಿ ಒಂದು ಗಂಭೀರ ಆಕ್ಷೇಪ ಎದುರಾಗುತ್ತದೆ: ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಯಂತ್ರಕ್ಕೆ ಓದಲು ಕೊಟ್ಟರಾಯಿತು, ಮನುಷ್ಯರೇಕೆ ಕಲಿಯಬೇಕು? ಕರ್ನಾಟಕದ ಕಂದಾಯ ಇಲಾಖೆ 2024ರಲ್ಲಿ ಆರಂಭಿಸಿದ ‘ಭೂ ಸುರಕ್ಷಾ’ ಯೋಜನೆ ತಾಲ್ಲೂಕು ಕಚೇರಿಗಳ ದಾಖಲೆ ಕೋಣೆಗಳಲ್ಲಿನ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಡುತ್ತಿದೆ. ಬಹಳ ಹಿಂದೆಯೇ ಆಗಬೇಕಿದ್ದ ಒಳ್ಳೆಯ ಕೆಲಸವದು; ಗೆದ್ದಲಿನಿಂದಲೂ ಅಕ್ರಮ ತಿದ್ದುವಿಕೆಯಿಂದಲೂ ಅದು ಕಾಗದವನ್ನು ಕಾಯುತ್ತದೆ. ಆದರೆ ಸ್ಕ್ಯಾನ್ ಕೊಡುವುದು ಪುಟದ ಚಿತ್ರವನ್ನು. ಅದರಲ್ಲಿ ಏನು ಬರೆದಿದೆ ಎಂಬುದನ್ನು ಯಾರಾದರೂ ಓದಲೇಬೇಕು. ಯಂತ್ರಗಳು ಈಗ ಕೈಬರಹವನ್ನು ಓದಬಲ್ಲವು ನಿಜ. ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದಲ್ಲಿ ಬೆಳೆದ ‘ಟ್ರಾನ್ಸ್‌ಕ್ರಿಬಸ್’ ತಂತ್ರಾಂಶ ಯುರೋಪಿನ ಹಳೆಯ ಹಸ್ತಪ್ರತಿಗಳನ್ನು ಓದುತ್ತಿದೆ. ಆದರೆ ಅಂಥ ತಂತ್ರಾಂಶ ಕಲಿಯುವುದು ಬಲ್ಲವರು ಮೊದಲು ಓದಿ ತಪ್ಪಿಲ್ಲದೆ ಅಕ್ಷರಕ್ಕಿಳಿಸಿದ ಪುಟಗಳಿಂದ. ಓದುಗರು ಕಡಿಮೆಯಿರುವ ಬರಹಗಳಿಗೆ ಅಂಥ ಪುಟಗಳೂ ಕಡಿಮೆ. ಯೂನಿಕೋಡ್‌ನಲ್ಲಿ ಮೋಡಿಗೆ 2014ರಲ್ಲಿ, ತುಳು-ತಿಗಳಾರಿಗೆ 2024ರಲ್ಲಿ ಜಾಗ ಸಿಕ್ಕಿತು. ಇದರಿಂದ ಬೆರಳಚ್ಚಿಸಲು ದಾರಿಯಾಯಿತೇ ಹೊರತು, ಒಬ್ಬ ಶಾನುಭೋಗನ ಕೈ ಮತ್ತೊಬ್ಬನದಕ್ಕಿಂತ ಎಲ್ಲಿ ಬೇರೆ ಎಂದು ಯಂತ್ರಕ್ಕೆ ತಿಳಿಯಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಜಮೀನಿನ ಚೆಕ್ಕುಬಂದಿಯಲ್ಲಿ ಯಂತ್ರ ಒಂದು ಅಂಕಿಯನ್ನು ತಪ್ಪಾಗಿ ಓದಿದರೆ ಅದು ತಪ್ಪೆಂದು ಹೇಳಲು ಓದು ಬಲ್ಲ ಮನುಷ್ಯರು ಬೇಕು. ಪರಿಶೀಲಿಸುವ ಶಕ್ತಿಯಿಲ್ಲದ ಕಡೆ ಯಂತ್ರದ ಮಾತೇ ಸಾಕ್ಷ್ಯವಾಗಿಬಿಡುತ್ತದೆ. ಅದರ ಪೆಟ್ಟು ಮೊದಲು ಬೀಳುವುದು ವಕೀಲರಿಗೆ ಹಣ ತೆರಲಾರದ ರೈತನ ಮೇಲೆ.

ಇದನ್ನೆಲ್ಲ ಕೆಲವು ತಜ್ಞರು ಕಲಿತರೆ ಸಾಲದೇ ಎಂಬುದು ಇನ್ನೊಂದು ಪ್ರಶ್ನೆ. ಮೋಡಿ, ತಿಗಳಾರಿಗಳ ಮಟ್ಟಿಗೆ ಅದು ಸರಿ. ಪ್ರತಿ ಮಗುವೂ ಅವನ್ನು ಕಲಿಯಬೇಕೆನ್ನುವುದು ಅತಿಯಾಸೆ. ಆದರೆ ತಜ್ಞರು ಮೂಡಲು ಒಂದು ವ್ಯವಸ್ಥೆ ಬೇಕು. ಇತಿಹಾಸ ಮತ್ತು ಕನ್ನಡ ಎಂ.ಎ. ತರಗತಿಗಳಲ್ಲಿ ಶಾಸನ ಓದಿಗಿರುವ ಸ್ಥಾನದ ಪಕ್ಕದಲ್ಲೇ ಕಾಗದ ಕಡತಗಳ ಓದಿಗೂ ಸ್ಥಾನ ಸಿಗಬೇಕು. ಕಂದಾಯ, ಪತ್ರಾಗಾರ ಇಲಾಖೆಗಳಲ್ಲಿ ಈ ಓದು ಬಲ್ಲವರಿಗೆ ಹುದ್ದೆ ಇರಬೇಕು. ಅನ್ನ ಕೊಡದ ವಿದ್ಯೆಗೆ ತರುಣರು ಬರುವುದಿಲ್ಲ. ಇನ್ನು ಒಂದೆರಡು ಪೀಳಿಗೆ ಹಿಂದಿನ ಸಾಮಾನ್ಯ ಕೈಬರಹಗಳನ್ನು ಓದುವುದು ತಜ್ಞರಿಗೆ ಬಿಡುವ ವಿಷಯವಲ್ಲ. ಅಜ್ಜನ ಕ್ರಯಪತ್ರ, ಸಾಲದ ಚೀಟಿ, ಅಜ್ಜಿಯ ಹಾಡಿನ ಪುಸ್ತಕ ಮನೆಯವರೇ ಓದಬೇಕಾದವು. ಓದಲು ಕಲಿಯುವುದು ಬರೆಯಲು ಕಲಿಯುವಷ್ಟು ದೀರ್ಘ ಶ್ರಮವನ್ನೂ ಬೇಡುವುದಿಲ್ಲ. ಬರೆಯಲು ಕೈ ಪಳಗಬೇಕು, ಅದಕ್ಕೆ ವರ್ಷಗಟ್ಟಲೆ ತಿದ್ದಬೇಕು. ಓದಲು ಕಣ್ಣು ಪಳಗಿದರೆ ಸಾಕು, ಅದಕ್ಕೆ ಒಳ್ಳೆಯ ಮಾದರಿಗಳೂ ಕೆಲವು ವಾರಗಳ ಅಭ್ಯಾಸವೂ ಸಾಕಾಗುತ್ತವೆ. ಪ್ರೌಢಶಾಲೆಯ ಕನ್ನಡ ಅಥವಾ ಸಮಾಜ ವಿಜ್ಞಾನದ ಪಠ್ಯದಲ್ಲಿ ಹಳೆಯ ಪತ್ರ, ಪಹಣಿ, ದಿನಚರಿಗಳ ನಾಲ್ಕೈದು ಪುಟಗಳ ಚಿತ್ರಗಳನ್ನು ಸೇರಿಸಿ ಓದಿಸಿದರೆ ಮಕ್ಕಳಿಗೆ ಲಿಪಿಯೂ ತಿಳಿಯುತ್ತದೆ, ಇತಿಹಾಸ ಎಲ್ಲಿಂದ ಬರುತ್ತದೆ ಎಂಬುದೂ ತಿಳಿಯುತ್ತದೆ.

ನಮ್ಮ ಶಾಲೆಗಳ ಆದ್ಯತೆ ಬದಲಾಗಬೇಕಾದದ್ದು ಇಲ್ಲಿಯೇ. ಇಂಗ್ಲಿಷ್ ಕರ್ಸಿವ್ ತಿದ್ದಲು ಸಾವಿರಾರು ಶಾಲೆಗಳು ಎಳೆಯ ಮಕ್ಕಳ ಹೊತ್ತನ್ನು ಧಾರಾಳವಾಗಿ ವ್ಯಯಿಸುತ್ತವೆ. ಆ ಮಕ್ಕಳು ಮುಂದೆ ತುಂಬುವ ಅರ್ಜಿ, ಬರೆಯುವ ಸಂದೇಶ ಯಾವುದಕ್ಕೂ ಅದು ಬೇಕಾಗುವುದಿಲ್ಲ. ತಮ್ಮ ಊರಿನ ದಾಖಲೆ ಬರೆದ ಕೈಯನ್ನು ಗುರುತಿಸಲು ಒಂದು ಪಾಠವೂ ಅವರಿಗೆ ಸಿಗುವುದಿಲ್ಲ. ನಾಲ್ಕು ಗೆರೆಯ ಪುಸ್ತಕವನ್ನು ಸುಡಬೇಕಿಲ್ಲ. ಇಷ್ಟಪಡುವ ಮಗು ಬರೆಯಲಿ. ಎಲ್ಲ ಮಕ್ಕಳಿಗೂ ಕಡ್ಡಾಯವಾಗಿ ಬೇಕಾದದ್ದು ಮೂರು: ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಣಿಯದೆ, ಇನ್ನೊಬ್ಬರು ಓದುವಂತೆ ಬರೆಯಬಲ್ಲ ಒಂದು ಕೈ, ಕೀಲಿಮಣೆಯಲ್ಲಿ ಕನ್ನಡವನ್ನು ಸರಾಗವಾಗಿ ಮೂಡಿಸುವ ಬೆರಳು, ಹಿಂದಿನವರು ಕೂಡಿಸಿ ಬರೆದದ್ದನ್ನು ಓದುವ ಕಣ್ಣು. ಮೊದಲನೆಯದನ್ನು ನಮ್ಮ ಶಾಲೆಗಳು ತಕ್ಕಮಟ್ಟಿಗೆ ಮಾಡುತ್ತಿವೆ, ಎರಡನೆಯದನ್ನು ಕಾಲವೇ ಮಾಡಿಸುತ್ತಿದೆ. ಮೂರನೆಯದನ್ನು ನಾವು ಬೇಕೆಂದು ಕೇಳಿದರೆ ಮಾತ್ರ ಬಂದೀತು. ಹಳೆಯ ಬರಹ ಬಲ್ಲ ಹಿರಿಯರು ಊರೂರುಗಳಲ್ಲಿ ಇನ್ನೂ ಕೆಲವರಾದರೂ ಇರುವಾಗಲೇ, ಅವರ ಎದುರು ಕಾಗದಗಳನ್ನಿಟ್ಟು ಓದಿಸಿ, ಬರೆದುಕೊಂಡು, ಆ ಪಾಠಗಳನ್ನು ಶಾಲೆಗೆ ತರುವ ಕೆಲಸ ಈ ದಶಕದಲ್ಲಿ ಆಗಬೇಕು. ಅವರಿಲ್ಲದ ಮೇಲೆ ಇದೇ ಕೆಲಸಕ್ಕೆ ಹತ್ತು ಪಟ್ಟು ಹಣ ಸುರಿದರೂ ಅರ್ಧದಷ್ಟು ಓದು ದಕ್ಕುವುದಿಲ್ಲ.